ತಾಜಮಹಲ್ ಹೋಟೆಲಿನ ಜಾಜ್

1935ರಲ್ಲಿ ಆಫ್ರಿಕನ್ ಮೂಲದ ಅಮೆರಿಕನ್ ಪಿಟೀಲುವಾದಕ ಲಿಯಾನ್ ಆಬಿ ತಮ್ಮ ಜಾಜ್ ಮೇಳದೊಡನೆ ಮುಂಬಯಿಯ ತಾಜಮಹಲ್ ಹೋಟೆಲಿಗೆ ಬಂದರು. ಸಂಜೆಯ ಆ ಸಂಗೀತ, ನರ್ತನಗಳು ಸಿರಿವಂತರ ಸೊತ್ತು. ಶ್ರೀಸಾಮಾನ್ಯನಿಗೆ ಆ ಬಾಗಿಲು ದೂರ.

ವೇದಿಕೆಯ ಮಾತು ಬೇರೆ. ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತಿದ್ದ ಗೋವೆಯ ವಾದಕರು, ಮುಂದೆ ಅಲ್ಲಿಗೆ ಬಂದ ಪಿಯಾನೋವಾದಕ ಟೆಡ್ಡಿ ವೆದರ್‌ಫರ್ಡರ ಜೊತೆ ನುಡಿಸಿ ಜಾಜಿನ ಮರ್ಮವರಿತರು. ವೆದರ್‌ಫರ್ಡ್ 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾಕ್ಕೆ ತುತ್ತಾದರು. ಅವರ ವಿದ್ಯೆ ಉಳಿಯಿತು. ತಾಜಿನಲ್ಲಿ ನುಡಿಸಿದ ಗೋವೆಯ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್, ಸಂಗೀತ ನಿರ್ದೇಶಕ ಸಿ. ರಾಮಚಂದ್ರರೊಡನೆ ದುಡಿದು, 1951ರ ‘ಅಲ್‌ಬೇಲಾ’ ಚಿತ್ರದ ಹಾಡುಗಳಿಗೆ ಜಾಜಿನ ಲಯ ತಂದರು.

ಹೀಗೆ ಹೋಟೆಲಿನ ಮೆಟ್ಟಿಲು ಹತ್ತದವರ ಮನೆಗೂ ಆ ಸಂಜೆ ರೇಡಿಯೋದ ಮೂಲಕ ಬಂತು. ಗಾಯಕರ ಹೆಸರು ಮನೆಮಾತಾಯಿತು, ವಾದಕರದು ಆಗಲಿಲ್ಲ.