ತೊಟ್ಟಿಲ ಕೌದಿ

ಹೆಂಗಸರ ಹೊಲಿಗೆಯು ಚರಿತ್ರೆಗೆ ವಿಷಯವಲ್ಲವೆಂದು ಹಲವರೆಣಿಸುವುದುಂಟು. ಅದು ಸರಿಯಲ್ಲ. ಅಮೆರಿಕೆಯಲ್ಲಿ ಗುಲಾಮಗಿರಿಯು ಶಾಸನಸಮ್ಮತವಾಗಿದ್ದ ಕಾಲದಲ್ಲಿ, ಬಾಸ್ಟನ್ ನಗರದ ಸ್ತ್ರೀಯರು ಅದರ ನಿರ್ಮೂಲನಕ್ಕಾಗಿ ಸಂಘವೊಂದನ್ನು ಕಟ್ಟಿ, ಸ್ವಹಸ್ತದಿಂದ ಹೊಲಿದ ಗೃಹೋಪಯೋಗಿ ವಸ್ತುಗಳನ್ನು ವರ್ಷಂಪ್ರತಿ ಮಾರಿ, ಬಂದ ಹಣವನ್ನು ಆ ಕಾರ್ಯಕ್ಕೇ ವಿನಿಯೋಗಿಸುತ್ತಿದ್ದರು.

1836ರ ಮಾರಾಟದಲ್ಲಿ ಒಂದು ತೊಟ್ಟಿಲ ಕೌದಿಯಿದ್ದಿತು. ಅದನ್ನು ಹೊಲಿದವರು ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಎಂದು ಹೇಳುವರು. ಬಟ್ಟೆಯ ತುಂಡುಗಳನ್ನು ಸಣ್ಣ ಸಣ್ಣ ನಕ್ಷತ್ರಗಳಾಗಿ ಜೋಡಿಸಿ, ನಡುವಣ ನಕ್ಷತ್ರದಲ್ಲಿ ಅಳಿಯದ ಮಸಿಯಿಂದ ಪದ್ಯವೊಂದನ್ನು ಬರೆದಿದ್ದರು. ತೊಟ್ಟಿಲು ತೂಗುವ ತಾಯಿಯು, ಮಗುವನ್ನು ಕಳೆದುಕೊಂಡ ದಾಸಿಯನ್ನು ಮರೆಯದಿರಲೆಂಬುದೇ ಅದರ ಭಾವ.

1865ರಲ್ಲಿ ರಾಜ್ಯಾಂಗದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿಯು ರದ್ದಾಯಿತು. ಇದು ಕೌದಿಯಿಂದಲೇ ಆಯಿತೆನ್ನಲಾಗದು. ಆದರೂ ಮತಾಧಿಕಾರವಿಲ್ಲದ ಆ ಸ್ತ್ರೀಯರು ತಮ್ಮ ಮತವನ್ನು ಸೂಜಿಯಿಂದಲೇ ಲೋಕಕ್ಕೆ ತಿಳಿಸಿದರೆಂಬುದನ್ನು ಚರಿತ್ರೆಯು ಮರೆಯಬಾರದು.