ಅಂಗೈಯಗಲದ ಗಣಕಯಂತ್ರಗಳು ಮತ್ತು ಅವುಗಳ ಉಪಯೋಗ

ಗಣಕಯಂತ್ರವೆಂದೊಡನೆ ನಮ್ಮ ಕಣ್ಣೆದುರು ಬರುವುದು ಮೇಜಿನ ಮೇಲಿನ ಪರದೆ, ಕೀಲಿಮಣೆ, ಪಕ್ಕದಲ್ಲೊಂದು ಪೆಟ್ಟಿಗೆ. ಆ ಪೆಟ್ಟಿಗೆಯೊಳಗಿನ ಸಂಸ್ಕಾರಕ, ಸ್ಮೃತಿಕೋಶ, ಜೋಡಣೆಯ ದ್ವಾರಗಳೆಲ್ಲವನ್ನೂ ಒಂದೇ ಫಲಕದ ಮೇಲೆ ಕೂಡಿಸಿದರೆ ದೊರೆಯುವುದೇ ಏಕಫಲಕ ಗಣಕ, ಅರ್ಥಾತ್ ಸಿಂಗಲ್ ಬೋರ್ಡ್ ಕಂಪ್ಯೂಟರ್. ಇಂದು ಅತ್ಯಂತ ಪ್ರಚಲಿತವಾಗಿರುವ ರಾಸ್ಪ್‌ಬೆರಿ ಪೈ ನಮ್ಮ ಎ.ಟಿ.ಎಂ. ಕಾರ್ಡಿನಷ್ಟೇ ಉದ್ದಗಲದ್ದು. 1990ರ ದಶಕದಲ್ಲಿ ನಾನು ಬ್ಯಾಂಕಿನ ಸೇವೆಗೆ ಸೇರಿದಾಗ ಶಾಖೆಯಲ್ಲಿದ್ದ ಲೆಡ್ಜರ್ ಪೋಸ್ಟಿಂಗ್ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆಯೇ ಬೇಕಿತ್ತು. ಚಪ್ಪಲಿ ಕಳಚಿಟ್ಟು ಒಳಹೋಗುತ್ತಿದ್ದೆವು.

ಅಗ್ಗದ ಪುಟ್ಟ ಗಣಕದ ಕನಸನ್ನು ಬೆಂಗಳೂರು ಮೊದಲೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಹಾಗೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. 2001ರ ಏಪ್ರಿಲ್‌ನಲ್ಲಿ ಅದರ ಮಾದರಿ ಹೊರಬಂದಿತು. ಅಂಗೈಯಲ್ಲಿ ಹಿಡಿಯಬಹುದಾದ, ಮುಟ್ಟಿದರೆ ಸ್ಪಂದಿಸುವ ಪರದೆಯುಳ್ಳ, ಲಿನಕ್ಸ್ ಆಧಾರಿತ ಯಂತ್ರವದು. ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯವೂ ಅದರಲ್ಲಿತ್ತು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಲೆಂಬುದು ಅದರ ಹಿಂದಿನ ಸುಂದರ ಕಲ್ಪನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಭೂದಾಖಲೆಗಳ ಕಾರ್ಯದಲ್ಲಿ ಕರ್ನಾಟಕ ಸರ್ಕಾರವೂ ಅದನ್ನು ಬಳಸಿತು. ಆದರೆ ನಿರೀಕ್ಷಿಸಿದ ಮಾರಾಟ ಆಗಲಿಲ್ಲ. ಸುಮಾರು ಹತ್ತು ಸಾವಿರ ರೂಪಾಯಿ ಅಂದಿನ ಹಳ್ಳಿಗರಿಗೆ ಅಗ್ಗವಾಗಿರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನೂ ಮನೆಮನೆಗೆ ಬರತೊಡಗಿತ್ತು. ಸಿಂಪ್ಯೂಟರ್ ಸೋತಿತೆನ್ನುವವರೊಡನೆ ನಾನು ಪೂರ್ಣವಾಗಿ ಒಪ್ಪಲಾರೆ. ಅದು ಕಾಲಕ್ಕಿಂತ ಮುಂಚೆ ಬಂದಿತು, ಅಷ್ಟೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಹೊರಟದ್ದು ಬೇರೆ ಉದ್ದೇಶದಿಂದ. ಗಣಕವಿಜ್ಞಾನ ಕಲಿಯಬರುವ ವಿದ್ಯಾರ್ಥಿಗಳ ಸಂಖ್ಯೆಯೂ ಪೂರ್ವಸಿದ್ಧತೆಯೂ ಕುಗ್ಗುತ್ತಿರುವುದನ್ನು ಕಂಡು, ಮಕ್ಕಳು ನಿರ್ಭಯವಾಗಿ ಬಿಚ್ಚಿ ಜೋಡಿಸಬಲ್ಲ ಅಗ್ಗದ ಗಣಕವನ್ನು ಅವರು ರೂಪಿಸಿದರು. 2012ರ ಫೆಬ್ರವರಿ 29ರಂದು 35 ಡಾಲರಿಗೆ ಬಿಡುಗಡೆಯಾದ ಆ ಫಲಕದ ಸಂತತಿ ಇಂದು 6 ಕೋಟಿಯನ್ನು ಮೀರಿದೆ. ಪರದೆ, ಕೀಲಿಮಣೆ, ಪೆಟ್ಟಿಗೆ ಯಾವುದೂ ಅದರೊಡನೆ ಬರುವುದಿಲ್ಲ. ತಂತ್ರಾಂಶವೆಲ್ಲ ಉಗುರಿನಗಲದ ಮೈಕ್ರೋ ಎಸ್.ಡಿ. ಕಾರ್ಡಿನಲ್ಲಿರುತ್ತದೆ.

ಮನೆಯಲ್ಲಿ ಇದರಿಂದೇನು ಪ್ರಯೋಜನ? ಮೊದಲನೆಯದು, ಮೂಲೆ ಸೇರಿರುವ ಹಳೆಯ ಟಿ.ವಿ.ಗೆ ಜೋಡಿಸಿದರೆ ಮಕ್ಕಳ ಅಭ್ಯಾಸಕ್ಕೊಂದು ಗಣಕ ಸಿದ್ಧ. 2020ರ ಲಾಕ್‌ಡೌನ್ ದಿನಗಳಲ್ಲಿ ಡೊಂಬಿವಲಿಯ ಒಂದೂವರೆ ಕೋಣೆಯ ಮನೆಗಳಲ್ಲಿ ತಂದೆಯ ಫೋನಿಗಾಗಿ ಇಬ್ಬರು ಮಕ್ಕಳು ಜಗಳವಾಡಿದ್ದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ಕನ್ನಡಕ್ಕೂ ತೊಡಕಿಲ್ಲ. ಇದರ ಕಾರ್ಯವ್ಯವಸ್ಥೆಗೆ ಡೆಬಿಯನ್ ಲಿನಕ್ಸ್ ಆಧಾರವಾದುದರಿಂದ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೂ ಅಳವಡಿಸಿಕೊಳ್ಳಬಹುದು. ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರೆಂಬುದು ನಮ್ಮೂರಿನ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಎರಡನೆಯ ಉಪಯೋಗ, ಹಗಲಿರುಳು ಮೌನವಾಗಿ ನಡೆಯಬೇಕಾದ ಕೆಲಸಗಳು. ಐದು ವ್ಯಾಟ್ ಬಳಸುವ ಫಲಕವನ್ನು ತಿಂಗಳಿಡೀ ಆರಿಸದಿದ್ದರೂ ಖರ್ಚಾಗುವುದು ಮೂರೂವರೆ ಯೂನಿಟ್‌ಗಿಂತ ತುಸು ಹೆಚ್ಚು. ನೂರು ವ್ಯಾಟಿನ ಹಳೆಯ ಪೆಟ್ಟಿಗೆಯಾದರೆ 72 ಯೂನಿಟ್. ಮನೆಯ ಛಾಯಾಚಿತ್ರ, ಸಂಗೀತಗಳ ಭಂಡಾರವಾಗಿ, ಜಾಹೀರಾತುಗಳನ್ನು ತಡೆಯುವ ದ್ವಾರಪಾಲಕನಾಗಿ ಅದು ಕೆಲಸ ಮಾಡಬಲ್ಲದು.

ಡೊಂಬಿವಲಿ ಎಂ.ಐ.ಡಿ.ಸಿ.ಯ ನೆರೆಯಲ್ಲಿರುವವರಿಗೆ ಇನ್ನೊಂದು ಉಪಯೋಗ ಹತ್ತಿರದ್ದೆನಿಸೀತು. 2016ರ ಮೇ ಮತ್ತು 2024ರ ಮೇ ತಿಂಗಳ ಸ್ಫೋಟಗಳಲ್ಲಿ ಕಿಟಕಿಯ ಗಾಜು ಒಡೆದ ಸದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಲೇಸರ್ ಬೆಳಕಿನಿಂದ ಧೂಳಿನ ಕಣಗಳನ್ನು ಎಣಿಸುವ ಸಣ್ಣ ಸಂವೇದಕವನ್ನು ಈ ಫಲಕಕ್ಕೆ ಜೋಡಿಸಿ ಗಚ್ಚಿಯಲ್ಲಿಟ್ಟರೆ, ಯಾವ ಹೊತ್ತಿನಲ್ಲಿ ಗಾಳಿ ಕೆಡುತ್ತದೆಂಬುದು ವರ್ಷವಿಡೀ ದಾಖಲಾಗುತ್ತದೆ. ಒಂದು ಎಚ್ಚರಿಕೆ: ಅದು ಅಳೆಯುವುದು ಕಣಗಳನ್ನು ಮಾತ್ರ. ರಾಸಾಯನಿಕ ಆವಿಯ ವಾಸನೆಯಿಂದ ತಲೆ ಸಿಡಿಯುತ್ತಿದ್ದರೂ ಅಂಕಿ ಶಾಂತವಾಗಿಯೇ ಇರಬಹುದು. ಮಳೆಗಾಲದ ತೇವಾಂಶಕ್ಕೆ ಅಂಕಿ ಸುಳ್ಳೇ ಏರುವುದೂ ಉಂಟು.

ನವಿ ಮುಂಬಯಿಯ ಮಿತ್ರರಿಗೆ ವಿನೋದದ ದಾರಿಯೊಂದಿದೆ. ವಿಮಾನಗಳು ತಮ್ಮ ಸ್ಥಾನ, ಎತ್ತರಗಳನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ಸಾರುತ್ತಲೇ ಇರುತ್ತವೆ. ಜಗತ್ತಿನ ಸಾವಿರಾರು ಹವ್ಯಾಸಿಗಳು ಇಂಥ ಫಲಕಗಳಿಂದಲೇ ಅದನ್ನು ಗ್ರಹಿಸಿ, ಫ್ಲೈಟ್‌ರಾಡಾರ್24ರಂತಹ ತಾಣಗಳಿಗೆ ಒದಗಿಸುತ್ತಾರೆ. 2025ರ ಡಿಸೆಂಬರ್ 25ರಿಂದ ನಮ್ಮ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದೆಯಲ್ಲ!

ಎಲ್ಲದಕ್ಕೂ ಇದೇ ಬೇಕೆಂದಿಲ್ಲ. ಸೊಸೈಟಿಯ ನೀರಿನ ಟ್ಯಾಂಕ್ ತುಂಬಿದಾಗ ಪಂಪು ನಿಲ್ಲಿಸಲು ತೇಲುಗುಂಡಿನ ಸ್ವಿಚ್ಚೇ ಸಾಕು. ಮಟ್ಟವನ್ನು ಫೋನಿನಲ್ಲಿ ಕಾಣಬೇಕೆಂದರೂ 2021ರಲ್ಲಿ ನಾಲ್ಕು ಡಾಲರಿಗೆ ಬಂದ ಪೈಕೋ ಎಂಬ ನಿಯಂತ್ರಕದ ವೈಫೈ ಆವೃತ್ತಿ ಧಾರಾಳವಾಯಿತು. ಸ್ಮೃತಿ ಚಿಪ್‌ಗಳ ದುಬಾರಿಯಿಂದ 2025ರ ಕೊನೆಯಲ್ಲಿ ದೊಡ್ಡ ಫಲಕಗಳ ಬೆಲೆ ಏರಿತು; ಕಡಿಮೆ ಸ್ಮೃತಿಯದನ್ನೇ ಕೊಳ್ಳುವುದು ಜಾಣತನ. ಲ್ಯಾಮಿಂಗ್ಟನ್ ರಸ್ತೆಗೆ ಹೋದಾಗ ಫಲಕದೊಡನೆ ಒಳ್ಳೆಯ ವಿದ್ಯುತ್ ಅಡಾಪ್ಟರನ್ನೂ ಕೇಳಿ ಪಡೆಯಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ತಾಯಿಯವರು 1988ರಲ್ಲಿ ಕ್ಯಾಸೆಟ್ಟಿಗೆ ಹಾಡಿದ್ದ ಹಸೆಯ ಹಾಡು, ಆರತಿ ಹಾಡುಗಳು ಒಟ್ಟು ಇಪ್ಪತ್ತೆರಡು. ಅವನ್ನೆಲ್ಲ ಗಣಕಕ್ಕಿಳಿಸಿ ಇಂತಹ ಫಲಕದಲ್ಲಿಟ್ಟು, ಟೇಪು ಬೂಷ್ಟು ಹಿಡಿದಿದೆಯೆಂದು ಕ್ಯಾಸೆಟ್ಟುಗಳನ್ನು ರದ್ದಿಯವನಿಗೆ ಕೊಟ್ಟುಬಿಟ್ಟೆ. ಒಂದು ಜುಲೈ ರಾತ್ರಿ ನಾಲ್ಕೈದು ಬಾರಿ ವಿದ್ಯುತ್ ಹೋಗಿ ಬಂತು. ಬರೆಯುತ್ತಿರುವಾಗಲೇ ವಿದ್ಯುತ್ ತಪ್ಪಿದರೆ ಎಸ್.ಡಿ. ಕಾರ್ಡು ಕೆಡುವುದುಂಟೆಂದು ನನಗಾಗ ತಿಳಿದಿರಲಿಲ್ಲ. ಬೆಳಗಾದಾಗ ಕಾರ್ಡು ಓದಿಸಿಕೊಳ್ಳಲಿಲ್ಲ. ಹುಬ್ಬಳ್ಳಿಯ ತಂಗಿಗೆ ಹಿಂದೊಮ್ಮೆ ಸಿ.ಡಿ. ಮಾಡಿಕೊಟ್ಟಿದ್ದರಿಂದ ಹದಿನಾಲ್ಕು ಹಾಡುಗಳು ಉಳಿದವು. ಈಗ ಅವು ಪ್ರತ್ಯೇಕ ಹಾರ್ಡ್‌ಡಿಸ್ಕಿನಲ್ಲಿವೆ, ಫಲಕಕ್ಕೊಂದು ಪುಟ್ಟ ಯು.ಪಿ.ಎಸ್. ಇದೆ, ಇನ್ನೊಂದು ಪ್ರತಿ ಹುಬ್ಬಳ್ಳಿಯಲ್ಲಿದೆ. ಉಳಿದ ಎಂಟರಲ್ಲಿ ಮೂರನ್ನು ತಂಗಿ ನೆನಪಿನಿಂದ ಹಾಡಿ ಕಳುಹಿಸಿದ್ದಾಳೆ.