ಎರೆಯ ನೀರು, ಕಲ್ಲಿನ ನೀರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ರಟ್ಟರು, ದೇಸಾಯರು, ರಾಣಿ ಚೆನ್ನಮ್ಮ. ಆದರೆ ಇವರೆಲ್ಲರಿಗಿಂತ ಹಳೆಯದಾದ ಇತಿಹಾಸವೊಂದು ಈ ಸೀಮೆಯ ನೆಲದಡಿಯಲ್ಲಿದೆ. ಅದು ನೀರಿನ ಇತಿಹಾಸ. ಅದನ್ನು ತಿಳಿಯದೆ ಮೇಲಿನ ಇತಿಹಾಸ ಪೂರ್ಣವಾಗಲಾರದೆಂದು ನನ್ನ ಭಾವನೆ.

ಪಾತಾಳದಲ್ಲಿ ಗಂಗೆ ಹರಿಯುತ್ತಾಳೆ, ಅವಳ ಸೆಲೆ ಸಿಕ್ಕರೆ ಬಾವಿ ತುಂಬುತ್ತದೆ ಎಂದು ನಮ್ಮ ಜನ ನಂಬುವದುಂಟು. ವಸ್ತುಸ್ಥಿತಿ ಬೇರೆ. ನೆಲದೊಳಗಿನ ನೀರು ಮಣ್ಣಿನ ಕಣಗಳ ನಡುವಿನ ತೆರಪಿನಲ್ಲಿ, ಕಲ್ಲಿನ ಬಿರುಕುಗಳಲ್ಲಿ ನಿಂತಿರುತ್ತದೆ. ಆದರೆ ನೀರನ್ನು ಹಿಡಿಯುವದು ಬೇರೆ, ಕೊಡುವದು ಬೇರೆ.

ಬೈಲಹೊಂಗಲದ ಎರೆಭೂಮಿಯನ್ನೇ ನೋಡಿರಿ. ಆ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ತೆರಪೇ ಇರುತ್ತದೆ. ಆದರೆ ಕಣಗಳು ಅತಿ ಸೂಕ್ಷ್ಮವಾದುದರಿಂದ ಹಿಡಿದ ನೀರನ್ನು ಅದು ಸುಲಭವಾಗಿ ಬಿಡದು. ಜಿಪುಣ ಸಾಹುಕಾರನಂತೆ ತಿಜೋರಿ ತುಂಬಿದ್ದರೂ ಬಾವಿಗೆ ಬಿಡಿಗಾಸು ಬಿಚ್ಚದು! ಬೇರಿಗೆ ಮಾತ್ರ ಮೆಲ್ಲಮೆಲ್ಲನೆ ಕೊಡುತ್ತದೆ. ಮಳೆ ಹಿಂದಾದ ಮೇಲೂ ಹಿಂಗಾರಿಯ ಬಿಳಿಜೋಳ ಬರಿಯ ಹಸಿಯ ಮೇಲೆ ತೆನೆ ಹಿಡಿಯುವ ಗುಟ್ಟು ಇದೇ.

ಸವದತ್ತಿ-ರಾಮದುರ್ಗಗಳ ಮರಳುಗಲ್ಲಿನ ಸ್ವಭಾವ ಇದಕ್ಕೆ ವಿರುದ್ಧ. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಕೂಡಿದ ಮರಳು ಗಟ್ಟಿಗೊಂಡು ಆದ ಕಲ್ಲಿದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರ ತನ್ನ ಗ್ರಂಥದಲ್ಲಿ ಈ ಶಿಲಾಸಮೂಹವನ್ನು ಕಲಾದಗಿಯ ಹೆಸರಿನಿಂದ ವರ್ಣಿಸಿದ. ಮುಂದೆ ಅದರ ಪದರುಗಳಿಗೆ ರಾಮದುರ್ಗ, ಸವದತ್ತಿಗಳ ಹೆಸರೂ ಬಂದವು. ಈ ಕಲ್ಲಿನ ಕಣಗಳ ನಡುವೆ ತೆರಪಿಲ್ಲವೆಂದರೂ ಸರಿ, ಇರುವದೆಲ್ಲ ಬಿರುಕು. ಅದು ಹಿಡಿಯುವದು ಅಲ್ಪ, ಆದರೆ ಹಿಡಿದುದನ್ನು ಧಾರಾಳವಾಗಿ ಕೊಡುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿಳಿದು, ಕೆಳಗೆ ಬಿಗಿಯಾದ ಕಲ್ಲು ತಡೆದಲ್ಲಿ ಒರತೆಯಾಗಿ ಹೊರಬೀಳುತ್ತದೆ.

ಒರತೆಯಿದ್ದಲ್ಲಿ ದೇವರು ನೆಲೆಸಿದ. ಸೊಗಲದ ಸೋಮೇಶ್ವರ, ಎಲ್ಲಮ್ಮನ ಗುಡ್ಡದ ಜೋಗುಳಬಾವಿ, ಸುರೇಬಾನದ ಬಳಿಯ ಶಬರಿಕೊಳ್ಳ ಇದಕ್ಕೆ ಸಾಕ್ಷಿ. ಸೊಗಲದಲ್ಲಿ ಚಾಲುಕ್ಯ ತೈಲಪನ ಕಾಲದ, 980ರ ಶಾಸನವೇ ಇದೆ.

ಕಿತ್ತೂರಿನದು ಮೂರನೆಯ ಬಗೆ. ಅಲ್ಲಿಯ ಧಾರವಾಡ ಪದರುಗಲ್ಲು ಮೇಲ್ಭಾಗದಲ್ಲಿ ಶಿಥಿಲವಾಗಿ ಸಡಿಲಗೊಂಡಿದೆ. ತೆರೆದ ಬಾವಿಗಳಿಗೆ ನೀರು ಈ ಸಡಿಲ ಪದರಿನದು. 1824ರಲ್ಲಿ ಇಂಗ್ಲಿಷರನ್ನೆದುರಿಸಿದ ಕೋಟೆಯ ಅರಮನೆಯಲ್ಲಿಯೂ ಬಾವಿಯುಂಟು. ಮುತ್ತಿಗೆಯ ಕಾಲದಲ್ಲಿ ಬಾವಿಯ ಬೆಲೆ ಮದ್ದುಗುಂಡಿಗಿಂತ ಕಡಿಮೆಯದಲ್ಲ.

ಫೂಟನ ಗ್ರಂಥ ಹೊರಬಿದ್ದ 1876ರಲ್ಲಿಯೇ ಮಹಾಕ್ಷಾಮ ತಲೆದೋರಿತು. ಎರೆಯ ಹಸಿ ಒಂದೇ ಹಂಗಾಮಿನ ಗಂಟು. ಮಳೆ ತಪ್ಪಿದರೆ ಅದೂ ಬರಿದು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಆ ಪಾಠವನ್ನು ಪ್ರಾಣ ತೆತ್ತು ಕಲಿತವು.

ಮುಂದೆ ನವಿಲುತೀರ್ಥದ ಕಣಿವೆಯಲ್ಲಿ ಮಲಪ್ರಭೆಗೆ ಅಣೆಕಟ್ಟಾಯಿತು. ಮನೆಮನೆಯ ಹೊಲಕ್ಕೆ ಕೊಳವೆಬಾವಿ ಬಂದಿತು. ಸಡಿಲ ಪದರನ್ನು ದಾಟಿ ಅದು ಆಳದ ಬಿರುಕಿಗೇ ಬಾಯಿ ಹಾಕುತ್ತದೆ. ಆ ಬಿರುಕು ಸಣ್ಣ ಹಗೇವು. ಒಳಗೆ ತುಂಬುವದು ನಿಧಾನ, ತೆಗೆಯುವದು ಶೀಘ್ರ. 2011ರಲ್ಲಿ ರಾಜ್ಯವು ಅಂತರ್ಜಲಕ್ಕಾಗಿ ಕಾಯಿದೆಯನ್ನೇನೋ ಮಾಡಿತು. ಆದರೆ ಕಾಯಿದೆ ನೀರನ್ನು ಇಂಗಿಸದು. ಅದಕ್ಕೆ ಕೆರೆಯ ಹೂಳು ತೆಗೆಯಬೇಕು, ಗುಡ್ಡದ ಮೇಲೆ ಮಳೆಯನ್ನು ತಡೆದು ನಿಲ್ಲಿಸಬೇಕು. ಹಗೇವಿಗೆ ಜೋಳ ಸುರಿಯದೆ ಬೇಸಿಗೆಯಲ್ಲಿ ಮುಚ್ಚಳ ತೆರೆದರೆ ಸಿಗುವದೇನು?